ಒಂದೇ ಸೀಟಿನ ಗಾಡಿ

ನಮ್ಮ ಭಾವ ತಮಗೆಂದು ಕಟ್ಟಿದ ಐದು ಗಾಡಿಗಳು ಈಗ ಮರಳುಗಾಡು, ಹಿಮ, ಕಾಡು ಅಂತ ಎಲ್ಲೆಲ್ಲೋ ಅಲೆಯುತ್ತಿವೆ. ಭಾವ ಮಾತ್ರ ಮದುವೆಯಾದ ಈ ಹದಿನಾರು ವರ್ಷದಲ್ಲಿ ನಮ್ಮ ಗ್ಯಾರೇಜು ಬಿಟ್ಟು ಕದಲಿಲ್ಲ. ಹಾಗಂದರೆ ಬಿಡಿಭಾಗದ ಅಂಗಡಿಗೋ ಗುಜರಿಗೋ ಹೋಗಲಿಲ್ಲ ಅಂತಲ್ಲ. ಸಂಜೆಯೊಳಗೆ ವಾಪಸು ಬರಬೇಕಾಗಿಲ್ಲದ ಒಂದೇ ಒಂದು ಜಾಗಕ್ಕೂ ಹೋಗಲಿಲ್ಲ. ಅವರ ಕಥೆಯನ್ನು ಹೇಳಲು ನಾದಿನಿಯಾದ ನಾನೇ ಸರಿ. ಅಕ್ಕ ಹೇಳಿದರೆ ಅರ್ಧ ನುಂಗಿಕೊಂಡು ಹೇಳುತ್ತಾಳೆ, ಅಪ್ಪ ಹೇಳಿದರೆ ಅದು ಅಪ್ಪನ ಕಥೆಯಾಗಿಬಿಡುತ್ತದೆ. ಭಾವ ಹೇಳುವುದೇ ಇಲ್ಲ.

ನಮ್ಮ ಕಸುಬು ಏನೆಂದು ಮೊದಲು ಹೇಳಿಬಿಡುತ್ತೇನೆ. ಷೋರೂಮಿನಲ್ಲಿ ಸಿಗುವ ಜೀಪು ಬಂಡೆ ಹತ್ತುವುದಿಲ್ಲ. ಹತ್ತುತ್ತದೆ ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ, ಅಷ್ಟೆ. ನಿಜವಾಗಿ ಹತ್ತಬೇಕಾದರೆ ಅದನ್ನು ಪೂರ್ತಿ ಬಿಚ್ಚಿ, ಅಡಿಯ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಒಂದನ್ನೇ ಉಳಿಸಿಕೊಂಡು, ಲಾರಿಯ ದಪ್ಪ ಆಕ್ಸಲ್ ಹಾಕಿ, ಸೊಂಟದೆತ್ತರದ ಟೈರು ತೊಡಿಸಿ, ಮಗುಚಿಬಿದ್ದರೂ ಒಳಗಿದ್ದವರ ತಲೆ ಉಳಿಯುವಂತೆ ಸುತ್ತಲೂ ಉಕ್ಕಿನ ಪೈಪಿನ ಕೇಜ್ ಕಟ್ಟಬೇಕು. ಟಾರು ಕಾಣದ ದಾರಿಯಲ್ಲಿ ತಿಂಗಳುಗಟ್ಟಲೆ ಅಲೆಯುವ ಆಸೆಯೂ ಗಿರಾಕಿಗಿದ್ದರೆ ನೀರಿನ ಟ್ಯಾಂಕು, ಒಲೆ, ಹಾಸಿಗೆ, ಮಡಚುವ ಡೇರೆ ಎಲ್ಲವನ್ನೂ ಅದರೊಳಗೇ ತುರುಕಬೇಕು. ಕಟ್ಟುವವರು ಭಾವ. ಗಿರಾಕಿಯ ಜೊತೆ ಮಾತಾಡುವವರು ಅಪ್ಪ. ವೈರಿಂಗ್ ಮಾಡುವವಳು ನಾನು, ಅದಕ್ಕೇ ಇಲ್ಲಿ ಎಲ್ಲರೂ ನನ್ನನ್ನು ಕರೆಂಟಮ್ಮ ಅನ್ನುತ್ತಾರೆ.

ಬೀದಿಗೆ ತಗಡಿನ ಗೇಟು, ಗೇಟಿನೊಳಗೆ ಶೆಡ್ಡು, ಶೆಡ್ಡಿನ ಮೇಲೆ ನಮ್ಮ ಮನೆ, ಶೆಡ್ಡಿನ ಹಿಂದೆ ಬಂಡೆಗುಡ್ಡೆ. ಈ ಗುಡ್ಡೆ ಅಪ್ಪನ ತಲೆಯಿಂದ ಹೊರಟಿದ್ದು. ಗಣಿಯಿಂದ ಹನ್ನೊಂದು ಲಾರಿ ಬಂಡೆ ತರಿಸಿ ಎರಡಾಳೆತ್ತರ ಗುಡ್ಡೆ ಹಾಕಿಸಿ, ಎದುರಿಗೊಂದು ಕಬ್ಬಿಣದ ಬೆಂಚು ಹಾಕಿಸಿದರು. ಯಾವ ಗಾಡಿಯನ್ನೇ ಆಗಲಿ, ಆ ಗುಡ್ಡೆಯನ್ನು ಹತ್ತಿಸಿ ಇಳಿಸಿದ ಮೇಲೇ ಕೆಲಸ ಮುಗಿದಂತೆ ಲೆಕ್ಕ. ಬೆಂಚಿನ ಮೇಲೆ ಹಗಲಿಡೀ ಒಬ್ಬಿಬ್ಬರು ಗಿರಾಕಿಗಳು ಚಹಾ ಹಿಡಿದು ಕೂತೇ ಇರುತ್ತಾರೆ.

ಅಕ್ಕ ಭಾವನ ಕೋಣೆ ಪೇಂಟು ಹೊಡೆಯುವ ಜಾಗದ ನೇರ ಮೇಲಿದೆ. ಕಿಟಕಿಯೇನೋ ಇದೆ, ತೆರೆಯುವ ಹಾಗಿಲ್ಲ, ತೆರೆದರೆ ಥಿನ್ನರಿನ ವಾಸನೆಗೆ ತಲೆ ಸಿಡಿಯುತ್ತದೆ. ಮದುವೆಯಾದ ವಾರವೇ ಭಾವ ಅದರ ಸಂದಿಗಳಿಗೆಲ್ಲ ಅಂಟುಪಟ್ಟಿ ಹಚ್ಚಿದರು. ಅದು ಹಳತಾದಾಗಲೆಲ್ಲ ಅಕ್ಕ ಕಿತ್ತು ಹೊಸದು ಹಚ್ಚುತ್ತಾಳೆ. ಅವರಿಗೆ ಮಕ್ಕಳಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ.

ಭಾವ ಇಲ್ಲಿಗೆ ಬಂದಾಗ ಇಪ್ಪತ್ತನಾಲ್ಕು ವರ್ಷದ ವೆಲ್ಡರು. ಹಿಂದೆ ಮುಂದೆ ಯಾರೂ ಇರಲಿಲ್ಲ, ಕೈಯಲ್ಲೊಂದು ಚೀಲ, ಚೀಲದಲ್ಲಿ ಅವರದೇ ವೆಲ್ಡಿಂಗ್ ಮುಸುಕು. ಮೊದಲ ದಿನ ಅವರು ಹಾಕಿದ ಬೆಸುಗೆಯನ್ನು ಅಪ್ಪ ಸುತ್ತಿಗೆಯಿಂದ ಬಡಿದು ನೋಡಿದರು, ಬಾಗಿಸಿ ನೋಡಿದರು, ಕೊನೆಗೆ ಪೈಪು ಮುರಿಯಿತೇ ಹೊರತು ಬೆಸುಗೆ ಬಿಡಲಿಲ್ಲ. ಎರಡು ವರ್ಷದ ಮೇಲೆ ಅಕ್ಕನನ್ನು ಕೊಟ್ಟು ಮದುವೆ ಮಾಡಿದರು. ಅಂಥ ಕೆಲಸಗಾರ ಬೇರೆ ಗ್ಯಾರೇಜಿಗೆ ಹೋಗಬಾರದಲ್ಲ ಅಂತ ಜನ ಆಡಿಕೊಂಡರು. ನನ್ನನ್ನು ಕೇಳಿದರೆ ಜನ ಆಡಿಕೊಂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಕ್ಕನಿಗೆ ಭಾವ ನಿಜವಾಗಿಯೂ ಇಷ್ಟವಾಗಿದ್ದರು, ಅದನ್ನೂ ಹೇಳಬೇಕು.

ಭಾವನಿಗೆ ಎರಡು ವಿಷಯ ಬರುವುದಿಲ್ಲ. ಒಂದು, ಅಳತೆಯ ವಿಷಯದಲ್ಲಿ ಸುಳ್ಳು ಹೇಳುವುದು. ಎಂಟೂಮುಕ್ಕಾಲು ಅಂಗುಲವನ್ನು ಒಂಬತ್ತು ಅನ್ನಿ ಅಂತ ಕಾಲು ಹಿಡಿದು ಬೇಡಿಕೊಂಡರೂ ಅನ್ನುವುದಿಲ್ಲ. ಇನ್ನೊಂದು, ದೊಡ್ಡವರ ಮುಖಕ್ಕೆ ಇಲ್ಲ ಅನ್ನುವುದು. ಬಂಡೆಯ ಮೇಲೆ ಗಾಡಿಯನ್ನು ಅಷ್ಟು ನಿಧಾನ, ಅಷ್ಟು ನಿಖರವಾಗಿ ನಡೆಸುತ್ತಾರೆಂದು ಗಿರಾಕಿಗಳು ಅವರಿಗೆ ಇರುವೆ ಮೇಸ್ತ್ರಿ ಅಂತ ಹೆಸರಿಟ್ಟಿದ್ದಾರೆ. ಮಾವನ ಎದುರಿಗೂ ಅವರು ಇರುವೆಯೇ, ಅದು ಗಿರಾಕಿಗಳಿಗೆ ಗೊತ್ತಿಲ್ಲ.

ಮದುವೆಯ ದಿನ ಅಪ್ಪ ಎಲ್ಲರ ಎದುರಿಗೆ ಒಂದು ಮಾತು ಕೊಟ್ಟರು. ಒಂದು ಚಾಸಿ ಕೊಡುತ್ತೇನೆ, ಅದರ ಮೇಲೆ ನಿಮ್ಮಿಬ್ಬರಿಗೆ ಅಂತ ಒಂದು ಗಾಡಿ ಕಟ್ಟಿಕೊಳ್ಳಿ, ಮೂರು ತಿಂಗಳು ಮನಸ್ಸು ಬಂದ ಕಡೆ ಸುತ್ತಿ ಬನ್ನಿ, ಗ್ಯಾರೇಜು ನಾನು ನೋಡಿಕೊಳ್ಳುತ್ತೇನೆ ಅಂದರು. ಅಪ್ಪ ಸುಳ್ಳು ಹೇಳಲಿಲ್ಲ. ಅಪ್ಪನ ಮಾತುಗಳೆಲ್ಲ ಬಾಯಿಂದ ಹೊರಡುವಾಗ ನಿಜವೇ ಆಗಿರುತ್ತವೆ.

ಮೊದಲ ಗಾಡಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಗಿರಾಕಿಗಳ ಕೆಲಸ ಮುಗಿದ ಮೇಲಿನ ಹೊತ್ತು, ರಜಾದಿನಗಳು, ಎಲ್ಲ ಅದಕ್ಕೇ ಹೋದವು. ಅಕ್ಕ ಹೊಲಿಗೆ ಮಿಷನ್ನು ಇಟ್ಟುಕೊಂಡು ಸೀಟಿನ ಕವರು, ಕಿಟಕಿಯ ಪರದೆ, ಡೇರೆಯ ಕ್ಯಾನ್ವಾಸು ಹೊಲಿದಳು. ಗಾಡಿಯ ಮೇಲ್ಭಾಗ ಭಾರವಾದರೆ ಬಂಡೆಯ ಮೇಲೆ ವಾಲುತ್ತದೆ ಅಂತ ಭಾವ ಹೇಳಿದ್ದೇ ತಡ, ತಕ್ಕಡಿ ತಂದು ಚಮಚದಿಂದ ಹಿಡಿದು ಕಂಬಳಿಯ ತನಕ ಎಲ್ಲ ತೂಗಿದಳು. ತನ್ನ ಎರಡನೇ ಜೊತೆ ಚಪ್ಪಲಿಯನ್ನು ಪಟ್ಟಿಯಿಂದ ಹೊಡೆದುಹಾಕಿದಳು. ಟಾರು ರಸ್ತೆ ಮುಗಿಯುವ ಕಡೆಯಿಂದ ಮುಂದಕ್ಕೆ ಹನ್ನೆರಡು ದಿನದ ದಾರಿಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಸೀಟುಗಳ ಹಿಂದೆ ಓದಲು ಎರಡು ಪುಟ್ಟ ದೀಪ ಹಾಕಿಕೊಟ್ಟವಳು ನಾನು. ಅಕ್ಕ ಅಷ್ಟು ನಗುತ್ತಿದ್ದುದನ್ನು ನಾನು ಅದಕ್ಕಿಂತ ಮುಂಚೆಯಾಗಲಿ ಆಮೇಲಾಗಲಿ ನೋಡಿಲ್ಲ.

ಗುಡ್ಡೆ ಹತ್ತಿಸುವ ದಿನ ಬೆಂಚಿನ ಮೇಲೆ ಒಬ್ಬ ಹಲ್ಲಿನ ಡಾಕ್ಟರು ಕೂತಿದ್ದರು. ತಮ್ಮ ಕಾರಿನ ಬಂಪರ್ ರಿಪೇರಿಗೆ ಬಂದವರು. ಭಾವ ಗಾಡಿಯನ್ನು ತುದಿಗೆ ಏರಿಸಿ, ಒಂದು ಚಕ್ರ ಗಾಳಿಯಲ್ಲಿರುವಾಗಲೇ ನಿಲ್ಲಿಸಿ, ಇಳಿದು, ಸುತ್ತ ಒಮ್ಮೆ ನೋಡಿ, ಮತ್ತೆ ಹತ್ತಿ ಕೂತು ಇಳಿಸಿಕೊಂಡು ಬಂದರು. ಡಾಕ್ಟರ ಚಹಾ ಅಂಗಿಯ ಮೇಲಿತ್ತು. ಅರ್ಧ ಗಂಟೆ ಅಪ್ಪನ ಜೊತೆ ಆಫೀಸಿನಲ್ಲಿ ಕೂತರು. ಆಮೇಲೆ ಅಪ್ಪ ಹೊರಗೆ ಬಂದು ಭಾವನ ಹೆಗಲ ಮೇಲೆ ಕೈ ಹಾಕಿದರು.

"ಅಳಿಯಂದಿರೇ, ಅವರು ಪಾಪ ತುಂಬಾ ಆಸೆಪಟ್ಟಿದ್ದಾರೆ. ನಿಮಗೇನು, ಇನ್ನೊಂದು ಕಟ್ಕೊಂಡ್ರಾಯ್ತು."

ಈ ಮಾತಿಗೆ ಉತ್ತರವೇ ಇಲ್ಲ ನೋಡಿ. ಕಟ್ಟಲು ಬಾರದವನಿಗೆ ಹೀಗಂದರೆ ಅವನು ಜಗಳಕ್ಕಾದರೂ ನಿಲ್ಲಬಹುದು. ಭಾವನಿಗೆ ಕಟ್ಟಲು ಬರುತ್ತದೆ. ಬರುತ್ತದೆ ಅನ್ನುವುದೇ ಅವರ ಕೊರಳಿಗೆ ಉರುಳಾಯಿತು. ಎರಡನೆಯದನ್ನು ಇಟ್ಟಿಗೆ ಭಟ್ಟಿಯ ಅಣ್ಣತಮ್ಮಂದಿರು ಒಯ್ದರು. ಮೂರನೆಯದನ್ನು ರಿಟೈರಾದ ಒಬ್ಬ ಹೆಡ್‌ಮಿಸ್ಟ್ರೆಸ್ಸು ಗಂಡನ ಜೊತೆ ಲೋಕ ಸುತ್ತಲು ಕೊಂಡರು. ಪ್ರತಿ ಸಲವೂ ಗುಡ್ಡೆ ಹತ್ತಿಸಿದವರು ಭಾವನೇ, ನೋಡಿದವರ ಬಾಯಲ್ಲಿ ನೀರೂರಿಸಿದ್ದೂ ಭಾವನ ಕೈಯೇ. ಕೊಂಡವರೆಲ್ಲ ಒಳ್ಳೆಯವರು, ಅದೇ ಕಷ್ಟ. ಕೃತಜ್ಞತೆಯಿಂದ ಫೋಟೋ ಕಳಿಸುತ್ತಾರೆ. ಅಪ್ಪ ಅವನ್ನೆಲ್ಲ ಆಫೀಸಿನ ಗೋಡೆಗೆ ಅಂಟಿಸುತ್ತಾರೆ. ಹೆಡ್‌ಮಿಸ್ಟ್ರೆಸ್ಸು ಯಾವುದೋ ಕೆರೆಯ ದಡದಲ್ಲಿ ಕೂತು ಕೈಬೀಸುತ್ತಿರುವ ಫೋಟೋದಲ್ಲಿ ಅಕ್ಕ ಹೊಲಿದ ಹಳದಿ ಪರದೆ ಗಾಳಿಗೆ ಹಾರುತ್ತಿದೆ. ಗೋಡೆಯ ಧೂಳು ಹೊಡೆಯುವವಳೂ ಅಕ್ಕನೇ.

ಅಪ್ಪನನ್ನು ಕೆಟ್ಟವರೆಂದು ತಿಳಿಯಬೇಡಿ. ಅವರಿಗೆ ಆಸೆಯಿಂದ ಬಂದವನನ್ನು ಬರಿಗೈಯಲ್ಲಿ ಕಳಿಸಲು ಆಗುವುದಿಲ್ಲ. ಊರಿಗೆಲ್ಲ ಉಪಕಾರಿ. ಆ ಉಪಕಾರವನ್ನು ಸದಾ ಭಾವನ ಕೈಯಿಂದ ಮಾಡಿಸುತ್ತಾರೆ, ಅಷ್ಟೇ ತಕರಾರು.

ನಾಲ್ಕನೇ ಗಾಡಿಗೆ ಭಾವ ಇಲ್ಲ ಅಂದರು. ಜೀವಮಾನದಲ್ಲಿ ಒಂದೇ ಸಲ. ಒಬ್ಬ ಫೋಟೋಗ್ರಾಫರು ಕೇಳಿಕೊಂಡು ಬಂದಿದ್ದರು. ಅಪ್ಪ ಎಂದಿನಂತೆ ಹೆಗಲ ಮೇಲೆ ಕೈ ಹಾಕಿದರು, ಭಾವ ನೆಲ ನೋಡಿಕೊಂಡು, ಇದು ಕೊಡಲ್ಲ ಮಾವ, ಅಂದರು. ನಾನು ಕೈಯಲ್ಲಿದ್ದ ವೈರನ್ನು ಹಾಗೇ ಬಿಟ್ಟೆ. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮುಖ ಗಂಟುಹಾಕಿಕೊಂಡು ಮೇಲೆ ಹೋದವರು ಮೂರು ದಿನ ಊಟಕ್ಕೆ ಬರಲಿಲ್ಲ, ಆಫೀಸಿಗೆ ಬರಲಿಲ್ಲ, ಯಾರೊಡನೆಯೂ ತುಟಿಪಿಟಕ್ಕೆನ್ನಲಿಲ್ಲ. ತಟ್ಟೆ ಹಿಡಿದುಕೊಂಡು ಅವರ ಕೋಣೆಗೆ ಹೋಗಿ, ಮುಟ್ಟದ ತಟ್ಟೆಯನ್ನು ವಾಪಸು ತರುವ ಕೆಲಸ ಅಕ್ಕನಿಗೆ ಬಿತ್ತು. ಅಮ್ಮ ಹೋದ ಮೇಲೆ ಅಪ್ಪನ ಊಟ ಅವಳ ಜವಾಬ್ದಾರಿ. ಮೂರನೇ ದಿನ ಮಧ್ಯಾಹ್ನ ಅವಳು ಕಬ್ಬಿಣದ ಮೆಟ್ಟಿಲ ಮೇಲೆ ಅರ್ಧಕ್ಕೇ ನಿಂತು, ಭಾವನ ಮುಖ ನೋಡದೆ, ಕೊಟ್ಟುಬಿಡಿ, ಅಪ್ಪನ ಮುಖ ನೋಡಲಾಗುತ್ತಿಲ್ಲ, ಅಂದಳು. ಭಾವ ಕೀಲಿಯನ್ನು ಅವಳ ಕೈಗೇ ಕೊಟ್ಟರು. ಅದರ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ. ಅವರು ಮರೆತರು ಅಂತ ನಾವು ಅಂದುಕೊಂಡೆವು.

ಐದನೆಯದರಲ್ಲಿ ಭಾವ ಉಪಾಯ ಹೂಡಿದರು. ಬೇಕೆಂದೇ ಕೆಟ್ಟದಾಗಿ ಓಡಿಸಿದರು. ಎರಡು ಸಲ ಇಂಜಿನ್ ಆಫ್ ಮಾಡಿಕೊಂಡರು, ಸುಲಭದ ದಾರಿ ಬಿಟ್ಟು ಕಷ್ಟದ ಸಂದಿಗೆ ಚಕ್ರ ಇಟ್ಟರು, ಒಂದು ಕಡೆ ಹಿಂದಕ್ಕೆ ಜಾರಿದರು. ಬೆಂಚಿನ ಮೇಲಿದ್ದ ಮನೆ ಕಟ್ಟುವ ಕಂಟ್ರಾಕ್ಟರು ಎದ್ದು ನಿಂತು ನೋಡಿದರು. ಇಷ್ಟು ದರಿದ್ರವಾಗಿ ಓಡಿಸಿದರೂ ತುದಿ ಮುಟ್ಟಿತಲ್ಲ, ನನಗೆ ಇಂಥದ್ದೇ ಬೇಕಿತ್ತು, ನನಗೂ ಓಡಿಸೋಕೆ ಬರಲ್ಲ, ಅಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವನೂ ನಕ್ಕರು. ಅವತ್ತು ಸಂಜೆ ಅವರು ಬಂಡೆಗುಡ್ಡೆಯ ಮೇಲೆ ಒಬ್ಬರೇ ಕೂತಿದ್ದನ್ನು ನೋಡಿದಾಗ, ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆ ವೇಳೆಗೆ ಅವರಿಗೆ ನಲವತ್ತು ದಾಟಿತ್ತು, ಮಂಡಿ ನೋಯುತ್ತಿತ್ತು, ಕಣ್ಣಿಗೆ ಕನ್ನಡಕ ಬಂದಿತ್ತು. ಇನ್ನೊಂದು ಕಟ್ಟಿಕೊಳ್ಳಬಹುದು ಅನ್ನುವುದು ಎಷ್ಟು ದಿನ ನಿಜವಾಗಿರುತ್ತದೆ ಅಂತ ನನಗೆ ಮೊದಲ ಸಲ ಅನ್ನಿಸಿತು.

ಅದಾದ ಕೆಲವು ದಿನಕ್ಕೆ ಅಪ್ಪ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನು, ಆಮೇಲೆ ತಿಂಗಳಾನುಗಟ್ಟಲೆ ಹಾಸಿಗೆ. ಅಕ್ಕ ಅವರ ಮಂಚಕ್ಕೇ ಅಂಟಿಕೊಂಡಳು. ಮಾತ್ರೆ, ಬಟ್ಟೆ, ಮೈ ಒರೆಸುವುದು, ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸುವುದು. ಕೆಳಗೆ ಇಳಿಯಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ಇತ್ತ ಭಾವ ಆರನೇ ಗಾಡಿ ಶುರುಮಾಡಿದರು.

ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಈ ಸಲ ಒಂದೇ ಸೀಟು ಹಾಕುತ್ತಿದ್ದೇನೆ, ಸ್ಟೀರಿಂಗನ್ನು ನಟ್ಟನಡುವೆ ತರುತ್ತೇನೆ, ಅಂದರು. ಬಂಡೆ ಹತ್ತುವ ಪಂದ್ಯದವರು ಹಾಗೆ ಕಟ್ಟಿಸುವುದುಂಟು. ತಿಂಗಳುಗಟ್ಟಲೆ ಅಲೆಯುವ ಗಾಡಿಗೆ ಯಾರೂ ಹಾಗೆ ಮಾಡುವುದಿಲ್ಲ. ಯಾಕೆ ಅಂತ ಕೇಳಿದೆ.

"ಪಕ್ಕದಲ್ಲಿ ಕೂತು ನೋಡೋರು ಇಲ್ದಿದ್ರೆ ಯಾರೂ ಬಂಡೆ ಹತ್ತಲ್ಲ ಕರೆಂಟಮ್ಮ. ಇದನ್ನ ಯಾರೂ ಕೊಳ್ಳಲ್ಲ. ಮಾವ ಕೈಬಿಟ್ಟ ಮೇಲೆ ಇನ್ನೊಂದು ಸೀಟು ಹಾಕಿದ್ರಾಯ್ತು."

ಇರುವೆ ಮೇಸ್ತ್ರಿ ಕೊನೆಗೂ ನಮ್ಮಪ್ಪನಿಗೆ ಚಳ್ಳೆಹಣ್ಣು ತಿನ್ನಿಸುತ್ತಾರಲ್ಲ ಅಂತ ನನಗೆ ಖುಷಿಯೋ ಖುಷಿ. ಓಡಿಹೋಗಿ ಅಕ್ಕನಿಗೆ ಹೇಳಿದೆ. ಅಪ್ಪನ ಕಾಲು ಒತ್ತುತ್ತಿದ್ದ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಪ್ಪ ಏನು ಅಂತ ಕೇಳಿದ್ದಕ್ಕೆ, ಏನಿಲ್ಲ, ಇವಳಿಗೆ ಶಾಕ್ ಹೊಡೀತಂತೆ, ಅಂದಳು.

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ. ಮುಂದೆ ಯಾವತ್ತಾದರೂ ತೆಗೆಯಬೇಕಾಗಬಹುದು ಅನ್ನಿಸಿದ ಭಾಗಕ್ಕೆ ಬೋಲ್ಟು ಹಾಕುತ್ತೇವೆ. ತೆಗೆಯುವುದೇ ಇಲ್ಲ ಅಂತ ಗೊತ್ತಿದ್ದರೆ ಮಾತ್ರ ಬೆಸುಗೆ. ಅಪ್ಪ ನಮಗಿಬ್ಬರಿಗೂ ಅಕ್ಷರ ಕಲಿಸುವ ಮೊದಲೇ ಇದನ್ನು ಕಲಿಸಿದ್ದರು. ನಾನು ವೈರು ಎಳೆಯಲು ಗಾಡಿಯೊಳಗೆ ತಲೆ ಹಾಕಿದಾಗ, ಸೀಟಿನ ಎಡಕ್ಕೆ ನೀರಿನ ಟ್ಯಾಂಕು, ಬಲಕ್ಕೆ ಡೀಸೆಲ್ ಟ್ಯಾಂಕು ಕೂರಿಸಿದ್ದು ಕಾಣಿಸಿತು. ಅವುಗಳನ್ನು ಹೊರುವ ಅಡ್ಡಪಟ್ಟಿಗಳಿಗೆ ಬೋಲ್ಟು ಇರಲಿಲ್ಲ. ನಾಲ್ಕಕ್ಕೆ ನಾಲ್ಕನ್ನೂ ಚಾಸಿಗೆ ಬೆಸೆದಿದ್ದರು. ಸುತ್ತಲೂ ಒಂದೇ ಸಮನಾದ, ಎಲ್ಲೂ ಕೈ ನಡುಗದ ಬೆಸುಗೆ.

ನನಗೆ ಅರ್ಥವಾಗಲಿಲ್ಲ ಅಂದರೆ ನಂಬಬೇಡಿ. ಕೇಳೋಣ ಅಂತ ಬಾಯಿ ತೆರೆದೆ. ಆಮೇಲೆ, ಅವಸರದಲ್ಲಿ ಹಾಕಿರಬೇಕು, ಕೊಯ್ದರಾಯಿತು ಬಿಡು, ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಓದುವ ದೀಪ ಒಂದು ಸಾಕು ಅಂದರು, ಒಂದೇ ಹಾಕಿದೆ.

ಉಪಾಯವಂತೂ ಫಲಿಸಿತು. ಅಪ್ಪ ಊರುಗೋಲು ಹಿಡಿದು ಕೆಳಗೆ ಬರುವ ಹೊತ್ತಿಗೆ ಗಾಡಿ ಮುಗಿದಿತ್ತು. ಭಾವ ಅದನ್ನು ಗುಡ್ಡೆ ಹತ್ತಿಸಿದ ರೀತಿಗೆ ಬೆಂಚಿನವರು ಎದ್ದುನಿಂತರು. ಹತ್ತಿರ ಬಂದು ಒಳಗೆ ಇಣುಕಿ, ಒಂದೇ ಸೀಟಾ, ಅಂತ ಪೆಚ್ಚಾದರು. ಒಬ್ಬರು, ನನ್ನ ಹೆಂಡತಿ ಎಲ್ಲಿ ಕೂರಬೇಕು, ಅಂತ ಕೇಳಿದರು. ಅವರ ಸ್ನೇಹಿತರು, ಅದಕ್ಕೇ ಅಲ್ಲವೇ ಇದರ ಬೆಲೆ ಜಾಸ್ತಿ ಇರಬೇಕಾದ್ದು, ಅಂದರು. ಎಲ್ಲರೂ ನಕ್ಕರು, ಯಾರೂ ಕೊಳ್ಳಲಿಲ್ಲ. ಏಳು ವಾರ ಹೀಗೇ ಆಯಿತು. ಅಪ್ಪ ತಮ್ಮ ಬೆಣ್ಣೆಯಂಥ ಮಾತನ್ನೆಲ್ಲ ಖರ್ಚು ಮಾಡಿದರು. ಒಂಟಿ ಮನುಷ್ಯರನ್ನು ಹುಡುಕಿ ಹುಡುಕಿ ಫೋನು ಮಾಡಿದರು. ಅವರೂ ಬಂದು ನೋಡಿ, ಈಗ ಒಂಟಿ ಸರಿ, ಮುಂದೆ ಯಾರಾದರೂ ಸಿಕ್ಕರೆ ಅಂತ ಹಿಂದೆ ಸರಿದರು.

ಎಂಟನೇ ವಾರ ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ಎಲ್ಲ ಕೆಲಸಗಾರರನ್ನೂ ಕರೆದರು. ಊರುಗೋಲಿಗೆ ಭಾರ ಬಿಟ್ಟು ನಿಂತು, ಕೀಲಿಯನ್ನು ಭಾವನ ಅಂಗೈಯಲ್ಲಿಟ್ಟರು. ಈ ಗಾಡಿ ನಿಮ್ಮದೇ, ಯಾವಾಗ ಹೊರಡುತ್ತೀರೋ ಹೊರಡಿ, ನಾನು ಸೋತೆ, ಅಂದರು. ಅಪ್ಪನ ಕಣ್ಣಲ್ಲಿ ನೀರಿತ್ತು. ಮಂಚದ ಮೇಲೆ ಬಿದ್ದುಕೊಂಡು ಸೂರು ನೋಡಿದ ಮೇಲೆ ಅವರಿಗೂ ಏನೋ ಅನ್ನಿಸಿರಬೇಕು. ಕೆಲಸಗಾರರು ಚಪ್ಪಾಳೆ ತಟ್ಟಿದರು. ಯಾರೋ ಹೋಗಿ ಗೇಟನ್ನು ಹಾರುಹೊಡೆದರು. ನಾನು ಮೇಲೆ ಓಡಿ ಅಕ್ಕನಿಗೆ ಹೇಳಿದೆ. ಅಕ್ಕ ಬೀರು ತೆರೆದು, ಅಪ್ಪ ನಿದ್ದೆಹೋದಾಗಲೆಲ್ಲ ಹೊಲಿದಿಟ್ಟಿದ್ದ ಸೀಟಿನ ಕವರುಗಳನ್ನು ತೆಗೆದಳು. ಎರಡಿದ್ದವು. ತೋಳಿನ ಮೇಲೆ ಹಾಕಿಕೊಂಡು, ಅಷ್ಟು ತಿಂಗಳಾದ ಮೇಲೆ ಮೊದಲ ಬಾರಿಗೆ, ಶೆಡ್ಡಿಗೆ ಇಳಿದು ಬಂದಳು.

ಅಪ್ಪನನ್ನು ಅಷ್ಟರಲ್ಲಿ ಕೆಲಸಗಾರರು ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಶೆಡ್ಡಿನಲ್ಲಿ ನಾವು ಮೂವರೇ. ಅಕ್ಕ ಒಂದು ಕವರನ್ನು ನಡುವಿನ ಸೀಟಿಗೆ ತೊಡಿಸಿ ಲಾಡಿ ಕಟ್ಟಿದಳು. ಸರಿಯಾಗಿ ಕೂತಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದಳು.

"ನಂದೆಲ್ಲಿ ಬರುತ್ತೆ?"

ಭಾವ ಸೊಂಟದಿಂದ ಟೇಪು ತೆಗೆದರು. ಅಳೆಯುವ ಅಗತ್ಯವೇ ಇರಲಿಲ್ಲ, ಆ ಗಾಡಿಯ ಒಂದೊಂದು ಅಂಗುಲವೂ ಅವರಿಗೆ ಬಾಯಿಪಾಠ. ಆದರೂ ಎಡಕ್ಕೆ ಅಳೆದರು, ಹನ್ನೊಂದು ಅಂಗುಲ. ಬಲಕ್ಕೆ ಅಳೆದರು, ಹತ್ತೂವರೆ. ಟೇಪು ಸುರುಳಿಯಾಗಿ ಒಳಗೆ ಹೋಯಿತು. ಬರಲ್ಲ, ಅಂದರು.

ಅಕ್ಕ ಬಗ್ಗಿದಳು. ಟ್ಯಾಂಕಿನ ಕೆಳಗೆ ಕೈ ಹಾಕಿ ಅಡ್ಡಪಟ್ಟಿ ಚಾಸಿಗೆ ಸೇರುವ ಕಡೆ ಬೆರಳಾಡಿಸಿದಳು. ಬೋಲ್ಟಿನ ತಲೆ ಹುಡುಕುತ್ತಿದ್ದಳು. ಒಂದು ಮೂಲೆ, ಎರಡನೇ ಮೂಲೆ, ಆ ಕಡೆ ಹೋಗಿ ಮೂರನೆಯದು, ನಾಲ್ಕನೆಯದು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅವಳು ಎದ್ದು ನಿಂತು ಕೈಯ ಎಣ್ಣೆಯನ್ನು ಎರಡನೇ ಕವರಿಗೇ ಒರೆಸಿಕೊಂಡಳು.

"ಇದನ್ನ ಯಾವಾಗ ಬೆಸೆದ್ರಿ?"

"ಮೊದಲನೇ ವಾರ."

"ಆಮೇಲೆ ಹಾಕ್ತೀನಿ ಅಂದಿದ್ದು?"

ಭಾವ ಟೇಪನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಪ್ಪನಿಗೆ ಮಾಡಿದ ಮೋಸದ ಅಡಿಯಲ್ಲಿ ಇನ್ನೊಂದು ಮೋಸ ಮಾಡಿಟ್ಟಿದ್ದರು. ಅಕ್ಕನೇ ಆಗಲಿ ನಾನೇ ಆಗಲಿ ಕಿರುಚಾಡಿದ್ದರೆ ಬಹುಶಃ ಅವರು ಕ್ಷಮೆ ಕೇಳಿ ಮುಗಿಸುತ್ತಿದ್ದರು. ಅಕ್ಕ ಕಾದಳು. ಕೊನೆಗೆ ಅವರು ಮಾತಾಡಿದಾಗ ಅಳತೆ ಹೇಳುವ ದನಿಯಲ್ಲೇ ಮಾತಾಡಿದರು.

"ನಾಲ್ಕನೇ ಗಾಡಿ ನೀನೇ ಕೊಡಿಸ್ದೆ. ಆವತ್ತಿಂದ ಸೀಟಲ್ಲಿ ಕೂತು ಕಣ್ಣು ಮುಚ್ಕೊಂಡ್ರೆ, ದಾರಿ ಕಾಣೋದು, ಗುಡ್ಡ ಕಾಣೋದು. ಪಕ್ಕದಲ್ಲಿ ನೀನಿರ್ತಿರಲಿಲ್ಲ. ನಾನಾಗಿ ತೆಗೆದಿದ್ದಲ್ಲ. ಇರ್ತಿರಲಿಲ್ಲ, ಅಷ್ಟೆ."

ನನಗೆ ಭಾವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಅದೇ ಉಸಿರಿನಲ್ಲಿ ಅವರನ್ನು ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಭಾವ ಗೋಡೆಗೆ ತೂಗುಹಾಕಿದ್ದ ಗ್ರೈಂಡರನ್ನು ತೆಗೆದು ಪ್ಲಗ್ಗಿಗೆ ಹಾಕಿದರು. ಕೊಯ್ಯುತ್ತೇನೆ, ಸ್ಟೀರಿಂಗನ್ನು ಪಕ್ಕಕ್ಕೆ ಸರಿಸುತ್ತೇನೆ, ಆರು ತಿಂಗಳು ಕೊಡು, ಎರಡು ಸೀಟು ಮಾಡುತ್ತೇನೆ, ಅಂದರು. ನೋಯುವ ಮಂಡಿಯನ್ನೂರಿ ಟ್ಯಾಂಕಿನ ಮುಂದೆ ಕೂತರು.

ಅಕ್ಕ ಹೋಗಿ ಸ್ವಿಚ್ಚು ಆರಿಸಿದಳು.

"ಎರಡು ಸೀಟು ಮಾಡಿದ್ರೆ ಅಪ್ಪ ಮಾರ್ತಾರೆ. ಒಂದೇ ಇದ್ರೆ ನೀವು ಹೋಗ್ತೀರಿ. ಹೇಗಿದ್ರೂ ನಾನು ಇಲ್ಲೇ ಇರ್ತೀನಿ. ಯಾಕೆ ಸುಮ್ನೆ ಕೊಯ್ಯೋದು."

ಮೇಲಿನಿಂದ ಅಪ್ಪ ಮಾತ್ರೆಗೆ ಕೂಗಿದರು. ಬಂದೆ ಅಪ್ಪ, ಅಂತ ಅಕ್ಕ ಎರಡನೇ ಕವರನ್ನು ಮಡಚಿಕೊಂಡು ಮೆಟ್ಟಿಲು ಹತ್ತಿದಳು.

ಇಷ್ಟು ದಿನ ನಾನು ಈ ಮನೆಯಲ್ಲಿ ಸಿಕ್ಕಿಹಾಕಿಕೊಂಡವರು ಭಾವ ಅಂತ ತಿಳಿದಿದ್ದೆ. ಅವರಿಗಾಗಿ ಮರುಗಿದ್ದೆ, ಅವರ ಪರವಾಗಿ ಅಪ್ಪನ ಮೇಲೆ ಹಲ್ಲು ಕಡಿದಿದ್ದೆ. ಅಕ್ಕನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವಳು ಮೆಟ್ಟಿಲ ಮೇಲೆ, ತಟ್ಟೆ ಹಿಡಿದುಕೊಂಡು, ಯಾವಾಗಲೂ ಅಲ್ಲೇ ಇರುತ್ತಿದ್ದಳಲ್ಲ.

ಈಗ ಐದು ತಿಂಗಳಾಯಿತು. ಗಾಡಿ ಶೆಡ್ಡಿನ ಬಾಗಿಲಲ್ಲೇ ನಿಂತಿದೆ. ಬ್ಯಾಟರಿ ಸಾಯಬಾರದು ಅಂತ ವಾರಕ್ಕೊಮ್ಮೆ ನಾನು ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇನೆ. ಭಾವ ಅದರಲ್ಲಿ ಕೂತಿದ್ದನ್ನು ನಾನು ನೋಡಿಲ್ಲ. ತಮಗೆಂದು ಇನ್ನೊಂದು ಚಾಸಿಯನ್ನೂ ಮುಟ್ಟಿಲ್ಲ. ಗಿರಾಕಿಗಳ ಕೆಲಸ ಮಾಡುತ್ತಾರೆ, ಊಟ ಮಾಡುತ್ತಾರೆ, ಅಕ್ಕನಿಗೆ ಭಾರದ ಬಿಂದಿಗೆ ಎತ್ತಿಕೊಡುತ್ತಾರೆ. ಅಕ್ಕನೂ ಅವರ ಜೊತೆ ಮಾತು ಬಿಟ್ಟಿಲ್ಲ. ತರಕಾರಿ ಮುಗಿದಿದೆ, ಗ್ಯಾಸು ಮುಗಿದಿದೆ, ಅಪ್ಪನ ಡಾಕ್ಟರ ಹತ್ತಿರ ಹೋಗಬೇಕು, ಎಲ್ಲ ಮಾತಾಡುತ್ತಾರೆ.

ಏನೂ ಗೊತ್ತಿಲ್ಲದವರು ಅಪ್ಪ ಒಬ್ಬರೇ. ಈಚೆಗೆ ಅವರಿಗೆ ಅಳಿಯನ ಮೇಲೆ ಎಲ್ಲಿಲ್ಲದ ಪ್ರೀತಿ. ಕೊಟ್ಟ ಮಾತನ್ನು ಹದಿನಾರು ವರ್ಷದ ಮೇಲಾದರೂ ಉಳಿಸಿಕೊಂಡೆ ಅಂತ ಬಂದವರಿಗೆಲ್ಲ ಹೇಳುತ್ತಾರೆ. ದಿನಾ ಬೆಳಿಗ್ಗೆ ತಿಂಡಿಗೆ ಕೂತಾಗ, ಯಾವಾಗ ಹೊರಡುತ್ತೀರಿ ಅಳಿಯಂದಿರೇ, ನಮ್ಮ ಯೋಚನೆ ಬಿಡಿ, ಇವಳಿದ್ದಾಳಲ್ಲ ನನ್ನ ನೋಡಿಕೊಳ್ಳಲು, ಅಂತ ಅಕ್ಕನ ಕಡೆ ಕೈ ತೋರಿಸುತ್ತಾರೆ. ಮುಂದಿನ ವಾರ ಮಾವ, ಅನ್ನುತ್ತಾರೆ ಭಾವ. ಅಕ್ಕ ಇಬ್ಬರ ಲೋಟಕ್ಕೂ ಚಹಾ ಬಗ್ಗಿಸುತ್ತಾಳೆ.